ಬಾಣಂತನಕ್ಕ ಬಂದೇವಿ, ಬಾಗಲಾ ತಗೀರಿ

ಸುರಪುರ, ೪ ಫೆಬ್ರವರಿ ೧೯೫೧, ರವಿವಾರ

ಕೊಟ್ಟ ಮಾತುಗಳನ್ನು ಮೊದಲು ಬರೆದಿಡುತ್ತೇನೆ.

ನಿಜಾಮನ ರಾಜ್ಯ ಹೋದರೆ ಬಾವಿ ಎಲ್ಲರದ್ದೂ ಎಂದರು. ಬಾಲಮ್ಮ ಚಿಗವ್ವ ಇವತ್ತಿಗೂ ಬಾವಿಕಟ್ಟೆಯ ಕೆಳಗೆ ಕೊಡ ಹಿಡಿದು, ಯಾರಾದರೂ ಮೇಲಿಂದ ನೀರು ಹೊಯ್ಯಲಿ ಎಂದು ಕಾಯುತ್ತಾಳೆ. ಆ ನೀರು ಸೇದುವವರಲ್ಲಿ ಅರ್ಧ ಜನರ ಹೊಕ್ಕಳಬಳ್ಳಿ ಕೊಯ್ದ ಕೈ ಅದು. ಹೆರಿಗೆ ಮಾಡಿಸಲು ನರ್ಸಬಾಯಿ ಬರುತ್ತಾಳೆ ಎಂದರು. ಬರಲಿಲ್ಲ. ಹೆರಿಗೆಗೆ ಒಂದು ಕೋಣೆ, ಒಂದು ಮಂಚ, ಬಿಸಿನೀರಿಗೆ ಒಂದು ಹಂಡೆ ಎಂದರು. ಕೋಣೆ ಇಲ್ಲ, ಮಂಚ ಇಲ್ಲ, ಹಂಡೆಯೂ ಇಲ್ಲ. ಕಷ್ಟದ ಹೆರಿಗೆಯಾದರೆ ಯಾದಗಿರಿಯ ದೊಡ್ಡ ದವಾಖಾನೆಗೆ ಒಯ್ಯಲು ಮೋಟಾರು ಎಂದರು. ನನ್ನ ಅಕ್ಕ ಎತ್ತಿನ ಬಂಡಿಯಲ್ಲಿ ಹೋದಳು. ಶಹಾಪುರ ದಾಟಿತು. ಭೀಮಾ ತುಂಬಿತ್ತು, ಬಂಡಿ ದಂಡೆಯಲ್ಲಿ ನಿಂತಿತು. ಅಕ್ಕನ ಉಸಿರೂ ಅಲ್ಲೇ ನಿಂತಿತು. ಹೊಟ್ಟೆಯಲ್ಲಿದ್ದದ್ದೂ ಅವಳ ಜೊತೆಗೇ ಹೋಯಿತು.

ಕೊನೆಯದು. ಹೋದ ದೀಪಾವಳಿಗೆ ಗ್ರಾಮ ಸುಧಾರಣಾ ಕಚೇರಿಯ ಕಟ್ಟೆಯ ಮೇಲೆ ನಿಂತು ಅಧಿಕಾರಿ ಮರಿಲಿಂಗಪ್ಪ ಎರಡೂ ಕೈ ಎತ್ತಿ ಹೇಳಿದ: "ಅವ್ವಗಳಿರಾ, ಇವತ್ತಿನಿಂದ ಈ ಕಚೇರಿ ನಿಮ್ಮ ತವರುಮನಿ." ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರಜಾಕಾರರ ಕಾಲದಲ್ಲಿ ಗಡಿ ಶಿಬಿರದಲ್ಲಿ ನಾನು ಬೇಯಿಸಿದ ನುಚ್ಚು ಉಂಡವನು ಈ ಮರಿಲಿಂಗಪ್ಪ. ಈಗ ನಾನು ಕಚೇರಿಗೆ ಹೋದರೆ ಚಪರಾಸಿ ಖಾಜಾಮಿಯಾನ ಬಾಯಲ್ಲಿ "ಸಾಹೇಬರು ಕ್ಯಾಂಪಿಗೆ ಹೋಗ್ಯಾರ" ಎಂದು ಹೇಳಿಸುತ್ತಾನೆ. ಅವನ ಗಾಂಧಿ ಟೋಪಿ ಕಿಟಕಿಯಲ್ಲಿ ಕಾಣುತ್ತಿರುತ್ತದೆ.

ಇವತ್ತು ಆರಾಧನೆ ಮುಗಿದ ಮೇಲೆ ಮಿಷನ್ ದೇವಾಲಯದ ಹಿಂದೆ ಹೆಣ್ಣುಮಕ್ಕಳ ಸಭೆ ಕರೆದಿದ್ದೆ. ಉಪದೇಶಿ ಮಾನಪ್ಪನವರು ಬಂದು ನಿಂತರು.

"ಸುವಾರ್ತಾ, ಮೊದಲ ಪ್ರಾರ್ಥನಾ ಮಾಡೂಣವಾ."

"ಮಾಡ್ರಿ, ಸಣ್ಣದು ಮಾಡ್ರಿ. ಪ್ರಾರ್ಥನಾದಿಂದ ಗ್ವಾಡಿ ಏಳಂಗಿಲ್ಲ."

ಸಿಟ್ಟಿಗೆ ಇನ್ನೂ ಉದ್ದ ಮಾಡಿದರು. ಆಮೆನ್ ಅನ್ನುವಷ್ಟರಲ್ಲಿ ಬಾಲಮ್ಮ ಚಿಗವ್ವನಿಗೆ ತೂಕಡಿಕೆ ಬಂದಿತ್ತು. ಆಕೆ ಕಣ್ಣು ಬಿಟ್ಟು, ತಂಬಾಕು ಉಗುಳಿ ಬಂದು, ಹೀಗೆ ಅಂದಳು:

"ತವರುಮನಿ ಅಂದಾನಿಲ್ಲ ಅಂವಾ? ಹಂಗಾರ ಚೊಚ್ಚಲ ಬಾಣಂತನ ಯಾರದು? ತವರಿನವರದು. ಬಸರಿ ಹೆಣ್ಣುಮಕ್ಕಳು ಹಸರ ಸೀರಿ ಉಟ್ಟು, ಬುತ್ತಿ ಕಟ್ಟಿಕೊಂಡು ನಡೀರಿ. ಬಾಣಂತನಕ್ಕ ಬಂದೇವಿ, ಬಾಗಲಾ ತಗೀರಿ ಅನ್ನೂಣ. ಏನಂತಾನ ನೋಡೂಣ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ದಿನ ಅರ್ಜಿ ಹಿಡಿದು ಅಲೆದೆವಲ್ಲ, ಆಯುಧ ನಮ್ಮ ಸೀರೆಯ ಗಂಟಿನಲ್ಲೇ ಇತ್ತು! ೧೨ನೇ ತಾರೀಖಿನ ಸೋಮವಾರ ಎಂದು ಅಲ್ಲೇ ಗೊತ್ತು ಮಾಡಿದೆ. ಬೆಳಿಗ್ಗೆ ಹೋಗಿ ಕೂರುವುದು, ಹೊತ್ತು ಮುಳುಗುವವರೆಗೆ ಕೂಗುವುದು, ಸಾಯಂಕಾಲ ಮನೆಗೆ.

೮ ಫೆಬ್ರವರಿ, ಗುರುವಾರ

ದೇವಾಪುರಕ್ಕೆ ಹೋಗಿದ್ದೆ. ಬಸುರಿಯರನ್ನು ಹುಡುಕುವುದು ಸುಲಭ, ಹೊರಡಿಸುವುದು ಕಷ್ಟ. ಅತ್ತೆಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಆದರೂ ನಾಲ್ವರು ಒಪ್ಪಿದ್ದರು. ಐದನೆಯವಳು ಇವತ್ತು ಸಿಕ್ಕಳು, ಮಾಳಮ್ಮ.

ಕುರಿ ಕಾಯುವವರ ಮನೆಯ ಸೊಸೆ. ಗಂಡ ಅಂಬಣ್ಣ ಹಿಂಡು ಹೊಡೆದುಕೊಂಡು ಹುಣಸಗಿ ಕಡೆ ಹೋಗಿದ್ದಾನೆ, ಕೊಯ್ದ ಹೊಲಗಳಲ್ಲಿ ಮೇಯಿಸಲು. ತವರಿನಲ್ಲಿ ಯಾರೂ ಇಲ್ಲ. ಕಾಲರಾ ಬಂದ ವರ್ಷ ಅವ್ವ ಅಪ್ಪ ಇಬ್ಬರೂ ಒಂದೇ ವಾರದಲ್ಲಿ ಹೋದರಂತೆ. ಚೊಚ್ಚಲು. ದಿನ ತುಂಬುತ್ತಿವೆ.

"ಖರೇನ ತವರುಮನಿ ಅಂದಾರೇನಕ್ಕಾ?"

"ಖರೇನ ಅಂದಾರ. ಊರ ಮಂದಿ ಮುಂದ ಅಂದಾರ."

"ಅವ್ವ ಅಪ್ಪ ಇಲ್ಲದಾಕಿಗೂ ಬಾಗಲಾ ತಗೀತಾರಾ?"

"ತಗೀಲೇಬೇಕು."

ಅಂದುಬಿಟ್ಟೆ. ನನ್ನ ಕಣ್ಣು ಅವಳ ಹೊಟ್ಟೆಯ ಮೇಲಿತ್ತು. ಇವಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು, ದೂರದಿಂದಲೇ ಎದ್ದು ಕಾಣುತ್ತಾಳೆ ಎಂದುಕೊಂಡೆ.

ಅವಳು ನನ್ನ ಕೊರಳಿನ ಶಿಲುಬೆ ನೋಡಿ, ನಿಮ್ಮ ದೇವರ ತಾಯಿ ಎಲ್ಲಿ ಹಡೆದಳು ಎಂದು ಕೇಳಿದಳು.

"ಹಾದ್ಯಾಗ ಹಡದ್ಲು. ಮಂದಿ ಎಣಸ್ತೀವಿ, ಅವರವರ ಊರಿಗೆ ನಡೀರಿ ಅಂತ ಸರಕಾರ ಹುಕುಂ ಮಾಡಿತ್ತು. ಬಸರಿ ಹೆಂಗಸು, ಯಾರೂ ಜಾಗಾ ಕೊಡಲಿಲ್ಲ. ದನದ ಕೊಟಗ್ಯಾಗ ಹಡದು, ಕೂಸಿನ ಗ್ವಾದಲ್ಯಾಗ ಮಲಗಿಸಿದ್ಲು."

"ನಮ್ಮ ಊರಿಗೂ ಎಣಸವ್ರು ಬಂದಿದ್ರು, ಮನಿಗೆ ನಂಬರ ಬರದು ಹೋದ್ರು. ಹೊಟ್ಟ್ಯಾಗಿಂದೂ ಬರಕೋರಿ ಅಂದೆ. ನಕ್ಕೋತ ಹೋದ್ರು." ಮತ್ತೆ ಕೇಳಿದಳು. "ಆಕಿ ಹಡಿಯಾಗ ಬೆನ್ನ ಯಾರ ಹಿಡದಿದ್ರು?"

"ಗೊತ್ತಿಲ್ಲ."

"ಬೆನ್ನ ಹಿಡಿಯವ್ರು ಇಲ್ಲದ ಹೆಂಗ ಹಡೀತಾರಕ್ಕಾ?"

ಎಂಟು ವರ್ಷ ಮಿಷನ್ ಹಾಸ್ಟೆಲಿನಲ್ಲಿ ಓದಿದವಳು ನಾನು. ದೂತರು ಎಷ್ಟು, ಕುರುಬರು ಎಲ್ಲಿದ್ದರು, ಜೋಯಿಸರು ಏನೇನು ತಂದರು, ಎಲ್ಲ ಬಾಯಿಪಾಠ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

೧೨ ಫೆಬ್ರವರಿ, ಸೋಮವಾರ

ಗೆದ್ದೆವು! ಗೆದ್ದೆವು, ಮತ್ತು ಒಂದು ಎಡವಟ್ಟೂ ಆಯಿತು.

ಬೆಳಿಗ್ಗೆ ಹೊರಟಾಗ ಐವರು ಬಸುರಿಯರು, ಹಿಂದೆ ಕೇರಿಯ ಹೆಂಗಸರು. ಬಜಾರಿಗೆ ಬರುವಷ್ಟರಲ್ಲಿ ಅರ್ಧ ಊರೇ ಹಿಂದಿತ್ತು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ತಲೆಯ ಮೇಲೆ ಬುತ್ತಿಯ ಗಂಟು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಯಾರ ಮದುವೆ ಎಂದು ಒಬ್ಬ ಕೇಳಿದ. "ಸರಕಾರದ್ದು," ಅಂದಳು ಬಾಲಮ್ಮ ಚಿಗವ್ವ.

ಖಾಜಾಮಿಯಾ ಗೇಟಿನಲ್ಲಿ ಕೈ ಅಡ್ಡ ಹಿಡಿದ. "ಸಾಹೇಬರು ಕ್ಯಾಂಪಿಗೆ..."

"ಸಾಹೇಬ ಎಲ್ಲ್ಯಾರ ಹೋಗ್ಲಿ. ನಾವು ತವರುಮನಿಗೆ ಬಂದೀವಿ. ಹೆಣ್ಣಮಕ್ಕಳು ಹೊಸ್ತಿಲದಾಗ ನಿಂತಾರ, ಕಾಲಿಗೆ ನೀರು ಕೊಡೋ ತಮ್ಮಾ!" ಚಿಗವ್ವ ದನಿ ಎತ್ತಿದಳು.

ಅಂವ ತಬ್ಬಿಬ್ಬಾದ. ಒಳಗೆ ಹೋದವನು ನಿಜವಾಗಿಯೂ ಒಂದು ತಂಬಿಗೆ ನೀರು ತಂದ! ಜನ ಹೋ ಎಂದರು. ಆಗ ಟೋಪಿ ಹೊರಗೆ ಬಂತು, ಟೋಪಿಯ ಕೆಳಗೆ ಮರಿಲಿಂಗಪ್ಪ.

"ಏನಿದು ನಾಟಕ ಸುವಾರ್ತಕ್ಕಾ?"

"ನಾಟಕ ಅಲ್ಲರಿ ಸಾಹೇಬ್ರ, ಬಾಣಂತನ. ಕೋಣಿ ತೋರಸ್ರಿ."

"ಮಂಜೂರಾತಿ ಬರಬೇಕು. ಮ್ಯಾಲಿಂದ ಬರಬೇಕು."

"ಕೂಸು ಮ್ಯಾಲಿಂದ ಬರಂಗಿಲ್ಲರಿ," ಅಂದಳು ಚಿಗವ್ವ.

ಕಚೇರಿಯ ಗುಮಾಸ್ತರು ಕೂಡ ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಮರಿಲಿಂಗಪ್ಪನ ಕಿವಿ ಕೆಂಪಾಯಿತು. ಮಧ್ಯಾಹ್ನದ ಹೊತ್ತಿಗೆ ಸೈಕಲ್ ಹತ್ತಿ ಖರೇನೇ ಕ್ಯಾಂಪಿಗೆ ಹೋದ. ನಾವು ಬಿಸಿಲು ಇಳಿಯುವವರೆಗೆ ಕೂಗಿದೆವು. ನನ್ನ ಗಂಟಲು ಹರಿದು ಹೋಗಿದೆ. ಸಾಯಂಕಾಲ ಎಲ್ಲರೂ ಎದ್ದು ಸೀರೆ ಕೊಡವಿಕೊಂಡರು. ಮಾಳಮ್ಮ ಏಳಲಿಲ್ಲ.

ಅವಳು ಬುತ್ತಿ ಬಿಚ್ಚಿದ್ದಳು. ಗಂಟಿನಲ್ಲಿದ್ದ ಹಳೆ ಬಟ್ಟೆ, ಕೊಬ್ಬರಿ, ಅಜವಾನ, ಸಣ್ಣ ಕಂಬಳಿಯ ತುಂಡು, ಒಂದೊಂದನ್ನೇ ಗೋಡೆಯ ಗೂಡಿನಲ್ಲಿ ಜೋಡಿಸಿದ್ದಳು.

"ಏಳವಾ ಮಾಳಮ್ಮ, ಇವತ್ತಿಂದು ಮುಗೀತು."

ಅವಳಿಗೆ ಅರ್ಥವಾಗಲಿಲ್ಲ. "ತವರಿಗೆ ಬಂದಾಕಿ ಹಡೀಲಾರದ ಹೆಂಗ ತಿರುಗಿ ಹೋಗ್ಲಿ ಯಕ್ಕಾ? ಬುತ್ತಿ ಬಿಚ್ಚೀನಿ. ಕೂಸಿಗೆ ಒಳ್ಳೇದಾಗಂಗಿಲ್ಲ."

"ಇದು... ನಾವು ಅವರಿಗೆ ಬುದ್ಧಿ ಕಲಿಸಾಕ ಮಾಡಿದ್ದು."

"ನೀನೇ ಅಂದೀಯಲ್ಲ, ಖರೇನ ಅಂದಾರಂತ."

ನಮಗೆಲ್ಲ ಅದು ಘೋಷಣೆ. ಅವಳಿಗೆ ಅದು ತವರುಮನೆ.

೧೩ ಫೆಬ್ರವರಿ, ಮಂಗಳವಾರ

ಮುರಿದ ಕುರ್ಚಿ ಮೇಜು ತುಂಬಿದ್ದ ಹಿಂದಿನ ಕೋಣೆಯನ್ನು ಖಾಜಾಮಿಯಾ ಬಿಟ್ಟುಕೊಟ್ಟಿದ್ದಾನೆ. ಮಾಳಮ್ಮ ಅಲ್ಲಿದ್ದಾಳೆ. ಬೈದೆ, ರಮಿಸಿದೆ, ಮತ್ತೆ ಬೈದೆ. ಹೂಂ ಅನ್ನುತ್ತಾಳೆ, ಏಳುವುದಿಲ್ಲ. ಆ ಕತ್ತಲ ಕೋಣೆಯಲ್ಲಿ ಏನಾದರೂ ಆದರೆ? ಕರೆತಂದವಳು ನಾನು. ಸಾಲಿನಲ್ಲಿ ಮುಂದೆ ಕೂರಿಸಿದವಳು ನಾನು.

ಕರಪತ್ರ ಬರೆಯಬೇಕು. ಆಗುತ್ತಿಲ್ಲ.

೧೫ ಫೆಬ್ರವರಿ, ಗುರುವಾರ

ಖಾಜಾಮಿಯಾನ ಹೆಂಡತಿ ಚಾಂದಬೀ ಕಚೇರಿಯ ಹಿಂದಿನ ಗುಡಿಸಲಿನಿಂದ ದಿನಾ ರೊಟ್ಟಿ ಪಲ್ಯ ತರುತ್ತಿದ್ದಾಳೆ. ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಮನೆ ಬಿಟ್ಟು ಓಡಿದ ಅವಳ ತಮ್ಮ ಇನ್ನೂ ಬಂದಿಲ್ಲ. ಅವಳು ಅದನ್ನು ಆಡುವುದಿಲ್ಲ, ನಾವು ಕೇಳುವುದಿಲ್ಲ. ಮೂರು ವರ್ಷದಿಂದ ಒಂದೇ ಬೀದಿಯಲ್ಲಿ ಓಡಾಡಿದವರು ಮಾತಾಡಿದ್ದು ಈ ವಾರವೇ. ಮಾಳಮ್ಮನ ಕಾಲು ಒತ್ತುತ್ತ ನನ್ನನ್ನು ಗದರಿದಳು: "ಲೀಡರ್ ಬಾಯಿ, ಭಾಷಣ ಮಾಡಾಕ ಬಾಯಿ ಅದ. ಕಾಲ ಒತ್ತಾಕ ಕೈ ಇಲ್ಲೇನ?"

ಒತ್ತಿದೆ. ಹೊಟ್ಟೆಯ ಮೇಲೆ ಕೈ ಇಡು ಅಂದಳು ಮಾಳಮ್ಮ. ಇಟ್ಟೆ. ಒಳಗಿನಿಂದ ಒದ್ದಿತು! ನನ್ನ ಅಂಗೈಗೇ ಒದ್ದಿತು! ಲಾಠಿ ತಿಂದವಳು ನಾನು, ಆ ಒದೆತಕ್ಕೆ ಕೈ ಹಿಂದೆ ಎಳೆದುಕೊಂಡೆ. ಮೂವರೂ ನಕ್ಕೆವು.

ಬರುವಾಗ ಉಪದೇಶಿಗಳ ಮನೆಗೆ ಹೋಗಿ ಕೇಳಿದೆ, ಮರಿಯಮ್ಮನ ಬೆನ್ನು ಯಾರು ಹಿಡಿದಿದ್ದರು ಎಂದು. ಅವರು ಕನ್ನಡಕ ತೆಗೆದು ಒರೆಸಿದರು. "ಬರದಿಲ್ಲವಾ," ಅಂದರು. "ಬರದಿಲ್ಲ ಅಂದ್ರ ಇದ್ದಿಲ್ಲ ಅಂತಲ್ಲ."

ಮರಿಲಿಂಗಪ್ಪ ಶನಿವಾರ ಬರುತ್ತಾನಂತೆ. ಬಂದ ಕೂಡಲೇ ಕಚೇರಿ ಖಾಲಿಯಾಗಬೇಕೆಂದು ಹೇಳಿಕಳಿಸಿದ್ದಾನೆ.

೧೭ ಫೆಬ್ರವರಿ, ಶನಿವಾರ

ಎಲ್ಲವನ್ನೂ ಈ ರಾತ್ರಿಯೇ ಬರೆಯಬೇಕು. ಅಕ್ಷರ ಸೊಟ್ಟಗಾದರೆ ಆಗಲಿ.

ಬೆಳಿಗ್ಗೆ ಮರಿಲಿಂಗಪ್ಪ ಬಂದ. ಜೊತೆಗೊಂದು ಎತ್ತಿನ ಬಂಡಿ.

"ಯಾದಗಿರಿ ದವಾಖಾನಿಗೆ ಕಳಸಾಕತ್ತೇನಿ. ನಿಮ್ಮ ಬೇಡಿಕಿ ಅದೇ ಇತ್ತಲ್ಲ? ಹತ್ತಸ್ರಿ."

ಮಾಳಮ್ಮ ಮೆಟ್ಟಿಲಿಗೆ ಬಂದು ನಿಂತಿದ್ದಳು. ಹುಲ್ಲು ಹಾಸಿದ ಬಂಡಿ, ಮೇಲೊಂದು ಗೋಣಿತಟ್ಟು. ಅಕ್ಕನ ಬಂಡಿಯೂ ಹೀಗೇ ಇತ್ತು. ನಾನು ಹೋಗಿ ನೊಗ ಹಿಡಿದೆ.

"ಮೋಟಾರ ಅಂದಿದ್ರಿ."

"ಮೋಟಾರ ಇಲ್ಲ ಅಂದ್ರ ಎಲ್ಲಿಂದ ತರ್ಲಿ? ಬಿಡು ಸುವಾರ್ತಾ."

"ಬಿಡಂಗಿಲ್ಲ. ಈ ಬಂಡಿ ನನಗ ಗೊತ್ತದ. ಇದು ಭೀಮಾ ದಂಡಿತನಕ ಅಷ್ಟೇ ಹೋಗ್ತದ."

"ಈಗ ಹೊಳಿ ಬತ್ತೇದ!"

"ಆಕಿ ಹಾದಿ ತಡೀತಾಳೇನ? ಹಾದ್ಯಾಗ ಹಡೀಬೇಕೇನ? ತಿರುಗಿ ಒಬ್ಬಾಕಿ ಹಾದ್ಯಾಗೇ ಹಡೀಬೇಕೇನ?"

ಅವನು ಏನೋ ಅನ್ನುವವನಿದ್ದ. ಅಷ್ಟರಲ್ಲಿ ಮಾಳಮ್ಮ "ಯಕ್ಕಾ" ಅಂದಳು, ಮೆಲ್ಲಗೆ. ಅವಳ ಕಾಲ ಕೆಳಗೆ ಮೆಟ್ಟಿಲು ಒದ್ದೆಯಾಗಿತ್ತು.

"ನೀರ ಒಡದಾವ!" ಬಾಲಮ್ಮ ಚಿಗವ್ವ ಸೀರೆ ಎತ್ತಿ ಸಿಕ್ಕಿಸಿದಳು. "ಎತ್ತ ಬಿಚ್ಚರಲೇ! ನೀರ ಕಾಸ್ರಿ! ಬೆಳಕಿರೋ ಕೋಣಿ ಯಾವುದದ?"

ಬೆಳಕಿದ್ದದ್ದು ಒಂದೇ ಕೋಣೆ, ಅಧಿಕಾರಿಯದು. ಚಿಗವ್ವ ಅವನ ಮುಖ ಕೂಡ ನೋಡದೆ ಮಾಳಮ್ಮನನ್ನು ನಡೆಸಿಕೊಂಡು ಒಳಗೆ ಹೋದಳು. "ಅದು ನಂದು..." ಅನ್ನುತ್ತ ಮರಿಲಿಂಗಪ್ಪ ಹಿಂದೆ ಬಂದ. "ಗಂಡಸ್ರು ಹೊರಗ!" ಎಂದು ಚಾಂದಬೀ ಬಾಗಿಲು ಹಾಕಿ ಚಿಲಕ ಜಡಿದಳು. ತನ್ನ ಚಾದರ ಬಿಚ್ಚಿ ಕಿಟಕಿಗೆ ಕಟ್ಟಿದಳು. ಬಿಸಿಲು ಆ ಬಟ್ಟೆಯಲ್ಲಿ ಸೋಸಿ ಒಳಗೆ ಬಂತು.

ನಾನು ಮೂಲೆಯಲ್ಲಿ ನಿಂತಿದ್ದೆ. ಹೆರಿಗೆಯ ಬಗ್ಗೆ ಇಷ್ಟೆಲ್ಲ ಕೂಗಿದವಳು, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ.

"ಭಾಷಣ ಸಾಕು," ಅಂದಳು ಚಿಗವ್ವ. "ಹಿಂದ ಕುಂದ್ರು, ಬೆನ್ನ ಹಿಡಿ."

ಕೂತೆ. ಮಾಳಮ್ಮ ಕುಕ್ಕರುಗಾಲಿನಲ್ಲಿ ನನ್ನ ಎದೆಗೆ ಒರಗಿದಳು. ಅವಳ ಕಂಕುಳಲ್ಲಿ ಕೈ ಹಾಕಿ ಬಿಗಿಯಾಗಿ ಹಿಡಿದೆ. ನೋವು ಬಂದಾಗಲೆಲ್ಲ ಅವಳ ಬೆನ್ನು ಕಲ್ಲಾಗುತ್ತಿತ್ತು. ಆ ಕಲ್ಲು ನನ್ನ ಎದೆಯನ್ನು ಒತ್ತುತ್ತಿತ್ತು. ಅವಳು ಮುಕ್ಕಿದರೆ ನಾನೂ ಮುಕ್ಕುತ್ತಿದ್ದೆ. ಯಾವ ಉಸಿರು ಅವಳದು ಯಾವುದು ನನ್ನದು ತಿಳಿಯಲಿಲ್ಲ.

ಹೊತ್ತು ಏರಿತು. ಕೂಸು ಬರಲಿಲ್ಲ. ಮಧ್ಯಾಹ್ನ ದಾಟುವಷ್ಟರಲ್ಲಿ ಮಾಳಮ್ಮನ ಕತ್ತು ನನ್ನ ಭುಜದ ಮೇಲೆ ಜೋತುಬಿತ್ತು. ಚಿಗವ್ವ ಮಾತು ನಿಲ್ಲಿಸಿದಳು. ಆಕೆ ಮಾತು ನಿಲ್ಲಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಚಾಂದಬೀ ಗೋಡೆಗೆ ಮುಖ ಮಾಡಿ ದುವಾ ಅನ್ನುತ್ತಿದ್ದಳು. ನನ್ನ ಕಣ್ಣ ಮುಂದೆ ಭೀಮಾ ದಂಡೆ.

ಆಗ ಮಾಡಿದೆ. ಪ್ರಾರ್ಥನೆ ಅನ್ನಲಾರೆ. ಪ್ರಾರ್ಥನೆಗೊಂದು 'ಪರಲೋಕದ ತಂದೆಯೇ' ಇರುತ್ತದೆ, ಕೊನೆಗೊಂದು ಆಮೆನ್ ಇರುತ್ತದೆ. ನಾನು ಅಂದದ್ದು ಇಷ್ಟೇ: ಬಿಡುವುದಿಲ್ಲ, ಇವಳನ್ನು ಬಿಡುವುದಿಲ್ಲ, ಒಬ್ಬಳನ್ನು ಒಯ್ದದ್ದು ಸಾಕು, ನೀನೂ ತಾಯಿಯ ಹೊಟ್ಟೆಯಿಂದಲೇ ಬಂದವನಲ್ಲವೇ, ಬಾ, ಬಂದು ಹಿಡಿ. ದೇವರ ಎದುರು ಧರಣಿ ಕೂತಂತೆ ಅಂದೆ.

ಮಾಳಮ್ಮ "ಯವ್ವಾ!" ಎಂದು ಕೂಗಿದಳು. ಇಲ್ಲದ ಅವ್ವನನ್ನು ಕೂಗಿದಳು.

"ಇದ್ದೀನವಾ," ಅಂದೆ. ಯಾಕೆ ಅಂದೆನೋ. ಬಾಯಿ ತಾನಾಗಿ ಅಂದಿತು. "ಇದ್ದೀನಿ. ಹಿಂದೇ ಇದ್ದೀನಿ. ಮುಕ್ಕು."

ಬಂತು! ಮೊದಲು ಕಪ್ಪು ಕೂದಲು, ಒದ್ದೆ. ಆಮೇಲೆ ಹಣೆ, ಮುಚ್ಚಿದ ಕಣ್ಣು, ಮೂಗು. ಆಮೇಲೆ ಒಮ್ಮೆಲೇ ಇಡೀ ಮನುಷ್ಯ! ಚಿಗವ್ವನ ಎರಡೂ ಕೈ ತುಂಬ. ನೀಲಿಗಟ್ಟಿತ್ತು, ಮಿಸುಕಲಿಲ್ಲ. ಚಿಗವ್ವ ಬಾಯಿಗೆ ಬೆರಳು ಹಾಕಿ ತೆಗೆದಳು, ಬೆನ್ನು ತಿಕ್ಕಿದಳು, ಅಂಗಾಲಿಗೆ ಬಡಿದಳು. "ಅಳವಾ ನನ್ನವ್ವ, ಬೈಯವಾ ನಮಗ, ಸರಕಾರಕ್ಕ ಬೈಯವಾ!"

ಅತ್ತಿತು. ನೀಲಿ ಬಣ್ಣ ಎದೆಯಿಂದ ಶುರುವಾಗಿ ಕೆಂಪಾಗುತ್ತ ಬೆರಳ ತುದಿಯವರೆಗೆ ಓಡಿತು. ನೋಡುತ್ತಿದ್ದಂತೆಯೇ ಓಡಿತು!

ಹೆಣ್ಣು.

ಕೋಣೆಯಲ್ಲಿ ನಾಲ್ವರಿದ್ದೆವು. ಬಾಗಿಲು ತೆರೆಯಲಿಲ್ಲ, ಕಿಟಕಿ ತೆರೆಯಲಿಲ್ಲ. ಐವರಾದೆವು. ಇದು ದಿನಾ ಎಲ್ಲ ಕಡೆ ನಡೆಯುತ್ತದೆ ಅನ್ನುತ್ತಾರೆ. ನಡೆಯುವುದಾದರೆ ಜನ ಹೇಗೆ ಸುಮ್ಮನೆ ಎಮ್ಮೆ ಕಟ್ಟುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ? ಬೀದಿಗೆ ಬಂದು ಯಾಕೆ ಕೂಗುವುದಿಲ್ಲ?

ದೇವರು ಮನುಷ್ಯನಾಗಿ ಬಂದ ಎಂದು ನನಗೆ ಚಿಕ್ಕಂದಿನಿಂದ ಪಾಠ. ಗೋದಲಿಯನ್ನು ಹೇಳಿದರು, ನಕ್ಷತ್ರವನ್ನು ಹೇಳಿದರು. ಗೋದಲಿಗೆ ಮೊದಲಿನದನ್ನು ಯಾರೂ ಹೇಳಲಿಲ್ಲ. ಹೀಗೇ ಬಂದನೇ? ಈ ರಕ್ತದಲ್ಲಿ, ಈ ನೀರಿನಲ್ಲಿ, ಈ ಇಕ್ಕಟ್ಟಿನ ಬಾಗಿಲಿನಲ್ಲಿ, ತಲೆ ಸೋರೆಕಾಯಿಯ ಹಾಗೆ ಉದ್ದವಾಗಿ? ಆಕಾಶವನ್ನೆಲ್ಲ ಬಿಟ್ಟು ಈ ದಾರಿಯನ್ನೇ ಆರಿಸಿಕೊಂಡನೇ? ಹಾಗಾದರೆ ಲೋಕದಲ್ಲಿ ದೇವರನ್ನು ಮೊಟ್ಟಮೊದಲು ಮುಟ್ಟಿದ್ದು ಅರಸನೂ ಅಲ್ಲ, ಯಾಜಕನೂ ಅಲ್ಲ. ಬಾಲಮ್ಮ ಚಿಗವ್ವನಂಥ ಒಬ್ಬಳು. ಅವಳ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಅವಳಿಗೂ ಬಾವಿಯಲ್ಲಿ ಮೇಲಿಂದಲೇ ನೀರು ಹೊಯ್ದಿರಬೇಕು.

ಕೂಸಿನ ಹಿಂದೆ ಬಿದ್ದ ಮಾಸನ್ನು ಹುಟ್ಟಿದ ಮನೆಯ ಅಂಗಳದಲ್ಲೇ ಹೂಳಬೇಕು. ಚಿಗವ್ವ ಸೀದಾ ಧ್ವಜದ ಕಂಬದ ಹತ್ತಿರ ಹೋಗಿ ನಿಂತಳು, ಅಲ್ಲಿ ಮಣ್ಣು ಮೆತ್ತಗಿದೆ ಎಂದು. ಖಾಜಾಮಿಯಾ ಸಲಿಕೆ ಹಿಡಿದು ಓಡಿ ಬಂದ. "ಅವ್ವಾ, ನಿನ್ನ ಕಾಲ ಬೀಳ್ತೀನಿ, ಇಲ್ಲಿ ಬ್ಯಾಡ, ನೌಕರಿ ಹೋಗ್ತದ!" ಬೇವಿನ ಮರದ ಬುಡದಲ್ಲಿ ತಾನೇ ಆಳವಾಗಿ ಅಗೆದುಕೊಟ್ಟ. ಕೂಸಿಗೆ ಅವನು ಇಟ್ಟ ಹೆಸರು, ಸರಕಾರಿ ಬೇಟಿ.

ಮರಿಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಟೋಪಿ ಕೈಯಲ್ಲಿತ್ತು. ಎತ್ತುಗಳನ್ನು ಅವನೇ ಬಿಚ್ಚಿ ನೀರು ಕುಡಿಸಿದನಂತೆ. "ಇಬ್ಬರೂ?" ಎಂದು ಕೇಳಿದ. "ಇಬ್ಬರೂ," ಅಂದೆ.

೧೮ ಫೆಬ್ರವರಿ, ರವಿವಾರ

ಕೂಸು ಸೀನಿತು! ಎರಡು ಸಲ!

ಉಗುರುಗಳು ಅಕ್ಕಿ ನುಚ್ಚಿಗಿಂತ ಸಣ್ಣ. ಆದರೂ ಪೂರ್ತಿ ಉಗುರು.

ಆರಾಧನೆಗೆ ಹೋಗಿದ್ದೆ. ಉಪದೇಶಿಗಳು ಬಹಳ ಹೊತ್ತು ಪ್ರಾರ್ಥಿಸಿದರೆಂದು ಎಲ್ಲರೂ ಗೊಣಗಿದರು. ನನಗೆ ಗೊತ್ತೇ ಆಗಲಿಲ್ಲ.

೨೧ ಫೆಬ್ರವರಿ, ಬುಧವಾರ

ಮರಿಲಿಂಗಪ್ಪ ಬೇವಿನ ಕೆಳಗೆ ಮೇಜು ಹಾಕಿಸಿಕೊಂಡು ಕಚೇರಿ ನಡೆಸುತ್ತಿದ್ದಾನೆ. ಹಕ್ಕಿಗಳು ಫೈಲಿನ ಮೇಲೆ ತಮ್ಮ ಷರಾ ಬರೆಯುತ್ತಿವೆ. ಖಾಲಿ ಮಾಡಿಸುತ್ತೇನೆ, ಪೊಲೀಸರನ್ನು ಕರೆಸುತ್ತೇನೆ ಎಂದು ದಿನಕ್ಕೊಮ್ಮೆ ಅನ್ನುತ್ತಾನೆ. ಆಮೇಲೆ ಬಿಸಿನೀರಾಯಿತೇ ಎಂದು ಖಾಜಾಮಿಯಾನನ್ನು ಕೇಳುತ್ತಾನೆ.

ಇವತ್ತು ಅವನ ತಾಯಿ ಮಲ್ಲಿಕಮ್ಮ ಬಳಿಚಕ್ರದಿಂದ ಬಂದಿಳಿದಳು. ಸುದ್ದಿ ಭೀಮಾ ದಾಟಿ ಅಲ್ಲಿಗೂ ಹೋಗಿದೆ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬಾಣಂತಿಗೆ ಅಂಟಿನುಂಡಿ, ಒಂದು ಕುಪ್ಪಸದ ಖಣ, ತೊಟ್ಟಿಲಿನ ಹಗ್ಗ. ಮಗನ ಮೇಜಿನ ಮೇಲೆ, ಫೈಲುಗಳ ಮೇಲೆಯೇ ಬುಟ್ಟಿ ಇಟ್ಟಳು.

"ಏನೋ ಮರಿಲಿಂಗ, ತವರುಮನಿ ಅಂತ ನಾಕ ಮಂದ್ಯಾಗ ಅಂದೀಯಂತ. ಹೌದೋ ಅಲ್ಲೋ?"

"ಅದು ಭಾಷಣಬೇ."

"ಭಾಷಣ ಅಂದ್ರ ಸುಳ್ಳೇನೋ?"

ಗುಮಾಸ್ತರೆಲ್ಲ ತಲೆ ತಗ್ಗಿಸಿದರು. ಅವನೂ ತಗ್ಗಿಸಿದ. ಇಷ್ಟು ವರ್ಷ ನಾನು ಬರೆದ ಯಾವ ಕರಪತ್ರದಲ್ಲೂ ಇಂಥ ಒಂದು ಸಾಲು ಇಲ್ಲ.

ಆಕೆ ಕೂಸನ್ನು ಎತ್ತಿ ಆಡಿಸಿದಳು, ಹಾಡಿದಳು. ಆದರೆ ಬಾಲಮ್ಮ ಚಿಗವ್ವ ತಂಬಿಗೆಯಲ್ಲಿ ನೀರು ತಂದು ಕೊಟ್ಟಾಗ ತೆಗೆದುಕೊಂಡು, ಹಾಗೆಯೇ ಕೆಳಗಿಟ್ಟಳು. ಕುಡಿಯಲಿಲ್ಲ. ಅದನ್ನೂ ಬರೆದಿಡುತ್ತೇನೆ. ಮರೆಯುವುದಿಲ್ಲ.

ಐದನೆಯ ದಿನ ಶೆಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಕಾಗದ ಲೇಖನಿ ಇಡಬೇಕು ಎಂದು ಮಾಳಮ್ಮ ಹಟ ಹಿಡಿದಳು. ಖಾಜಾಮಿಯಾ ಮುದ್ರೆಯಿದ್ದ ಕಚೇರಿಯ ಕಾಗದವನ್ನೇ ತಂದ.

"ಸರಕಾರಿ ಕಾಗದದ ಮ್ಯಾಲ ಬರದ್ರ ಮುಗೀತು," ಅಂದಳು ಚಿಗವ್ವ, "ಮಂಜೂರಾಗೂದ್ರಾಗ ಹುಡುಗಿ ಮುದುಕಿ ಆಗಿರ್ತಾಳ."

ಹಿಂದಾಗಿದ್ದರೆ ಇದೆಂಥ ಮೂಢತನ ಎಂದು ಜಗಳ ತೆಗೆಯುತ್ತಿದ್ದೆ. ಇವತ್ತು ಕಾಗದ ಹಾರದ ಹಾಗೆ ಮೇಲೊಂದು ಕಲ್ಲಿಟ್ಟು, ತೊಟ್ಟಿಲ ಪಕ್ಕ ಮೊಣಕಾಲೂರಿ ನನ್ನ ಪಾಡಿಗೆ ನಾನು ಒಂದು ಮಾತು ಹೇಳಿ ಬಂದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ.

೨೫ ಫೆಬ್ರವರಿ, ರವಿವಾರ

ಏನೆಂದು ಬರೆಯಲಿ, ಎಲ್ಲಿಂದ ಬರೆಯಲಿ! ಅಂಬಣ್ಣ ಬಂದ. ಮೈಯೆಲ್ಲ ಕುರಿಯ ವಾಸನೆ, ಹೆಗಲ ಮೇಲೆ ಕಂಬಳಿ. ಹೊಸ್ತಿಲಲ್ಲಿ ನಿಂತು ಕೂಸನ್ನು ನೋಡಿ ಬಾಯಿ ತೆರೆದವನು ಮುಚ್ಚಲಿಲ್ಲ. "ಮೂಗು ನಂದೇ ಅದ," ಅಂದ. "ಪಾಪ," ಅಂದಳು ಚಾಂದಬೀ.

ಅವನ ಬೆನ್ನಿಗೇ ಹುಣಸಗಿ ಕಡೆಯಿಂದ ರೇಣಮ್ಮ ಎಂಬವಳು ಅತ್ತೆಯ ಜೊತೆ ಬಂದಳು. ಹಸಿರು ಸೀರೆ, ಬುತ್ತಿಯ ಗಂಟು, ತುಂಬಿದ ಹೊಟ್ಟೆ. ನಾನು ಕರೆದಿರಲಿಲ್ಲ, ಯಾರೂ ಕರೆದಿರಲಿಲ್ಲ. ಗೇಟಿನಲ್ಲಿ ನಿಂತು ಕೇಳಿದಳು: "ಹೆಣ್ಣಮಕ್ಕಳ ತವರುಮನಿ ಇದೇ ಏನ್ರಿ?"

ಖಾಜಾಮಿಯಾ ನನ್ನ ಮುಖ ನೋಡಿದ. ನಾನು ಮರಿಲಿಂಗಪ್ಪನ ಮುಖ ನೋಡಿದೆ. ಅವನು ಮೇಜಿನಿಂದ ಎದ್ದ. "ಕಾಲಿಗೆ ನೀರು ಕೊಡೋ ಖಾಜಾ," ಅಂದ.

ಆಮೇಲೆ ನನ್ನನ್ನು ಬದಿಗೆ ಕರೆದ. ಕಲಬುರ್ಗಿಯಿಂದ ಮೇಲಿನ ಸಾಹೇಬರು ಬುಧವಾರ ಬರುತ್ತಾರಂತೆ. ಅಧಿಕಾರಿಯ ಕೋಣೆಯಲ್ಲಿ ತೊಟ್ಟಿಲು ಕಟ್ಟಿದ್ದು ಯಾರ ಅಪ್ಪಣೆಯಿಂದ ಎಂದು ವಿಚಾರಿಸಲು.

"ಖಾಲಿ ಮಾಡಸ್ತೀಯೇನು?"

"ನಾ ಬಾಗಲದಾಗ ನಿಂತಿರ್ತೀನಿ."

"ಅವರನ್ನ ಒಳಗ ಬಿಡಾಕೋ, ತಡಿಯಾಕೋ?"

ಅವನು ಟೋಪಿ ಸರಿಮಾಡಿಕೊಂಡ. ಶಿಬಿರದಲ್ಲಿ ಗಸ್ತಿಗೆ ಹೊರಡುವಾಗ ಹೀಗೆಯೇ ಮಾಡುತ್ತಿದ್ದ. "ಬಾಣಂತಿ ಕೋಣಿಗೆ ಗಂಡಸ್ರನ್ನ ಹೆಂಗ ಬಿಡ್ಲಿ ಸುವಾರ್ತಕ್ಕಾ?"

ನೌಕರಿ ಹೋದೀತು. ಅವನಿಗೂ ಗೊತ್ತು. ಒಬ್ಬನೇ ನಿಲ್ಲಬಾರದು. ಕೇರಿಗೆ, ಬಜಾರಿಗೆ, ದೇವಾಪುರಕ್ಕೆ ಹೇಳಿಕಳಿಸಿದ್ದೇನೆ. ಉಪದೇಶಿಗಳು ಇಡೀ ಸಭೆಯನ್ನು ಕರೆತರುತ್ತಾರೆ. ಪ್ರಾರ್ಥನೆ ಎಷ್ಟು ಉದ್ದವಾದರೂ ಮಾಡಿ ಅಂದಿದ್ದೇನೆ. ಅಂಬಣ್ಣ, "ಕುರಿನೂ ತರ್ಲೇನ್ರಿ ಸಭಾಕ್ಕ?" ಎಂದು ಕೇಳಿದ. ತಾ ಅಂದೆ. ಬೇಡಿಕೆ ಮೂರು: ನರ್ಸಬಾಯಿ, ಮೋಟಾರು, ಮತ್ತು ಈ ಕೋಣೆ, ಈ ಬೆಳಕಿನ ಕೋಣೆಯೇ, ಕಾಯಮ್ಮಾಗಿ. ಬಾವಿಯ ಸರದಿ ಇದರ ಮರುವಾರ.

ಹತ್ತು ಗಂಟೆಗೆ ಎಂದು ಎಲ್ಲರಿಗೂ ಹೇಳಿದ್ದೆ. ಈಗ ತಿರುಗಿ ಹೋಗಿ ಬದಲಿಸಿ ಹೇಳಿ ಬಂದೆ. ಹತ್ತಕ್ಕೆ ಕೂಸಿಗೆ ನೀರು ಎರೆಯುವುದಿದೆ. ಎರೆದ ಮೇಲೆ ಹಾಲು ಕುಡಿದು ಒಂದು ನಿದ್ದೆ ಮಾಡುತ್ತದೆ. ಆ ಹೊತ್ತಿನಲ್ಲಿ ಯಾರೂ ಕೂಗುವಂತಿಲ್ಲ, ನಾನೂ.

ಸಭೆ: ಬುಧವಾರ, ೨೮ ಫೆಬ್ರವರಿ, ಬೇವಿನ ಮರದ ಕೆಳಗೆ. ಮಧ್ಯಾಹ್ನ ಹನ್ನೆರಡು ಗಂಟೆಗೆ, ಕೂಸು ಎದ್ದ ಮೇಲೆ.